ಮಂಡಿ ಹೌಸ್ ದಾಟಿಹೋದ ಅಧ್ಯಾಯ

ಅರಸೀಕೆರೆಯ ನಮ್ಮ ಬೀದಿಯವರಿಗೆ ದೆಹಲಿ ಎಂದರೆ ಪರದೇಶವೇ. ನಾನು ಹೊರಟ ದಿನ ಎದುರು ಮನೆಯ ಪುಟ್ಟಮ್ಮ ಚಟ್ನಿಪುಡಿಯ ಡಬ್ಬಿ ತಂದು ಕೈಗಿಟ್ಟು, ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲವಂತೆ, ಬರೀ ಗೋಧಿಯಂತೆ ಎಂದು ಕಣ್ಣೊರೆಸಿಕೊಂಡಳು. ನಾನು ಹೋಗುತ್ತಿದ್ದದ್ದು ಮೂರೇ ದಿನಕ್ಕೆ. ಆದರೂ ಅವಳ ಮುಖ ನೋಡಿ ಡಬ್ಬಿಯನ್ನು ಚೀಲದ ಮೇಲುಗಡೆಯೇ ಇಟ್ಟುಕೊಂಡೆ.

ನಾನು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಮಕ್ಕಳ ಮೇಲೆ ಸಿಡುಕಿ ಸಿಡುಕಿ ಆ ಸ್ವಭಾವ ನಾಲಗೆಗೆ ಅಂಟಿಬಿಟ್ಟಿದೆ. ನಾಲ್ಕು ಕಾದಂಬರಿ ಬರೆದಿದ್ದೇನೆ. ನಾಲ್ಕನೆಯದರ ಪ್ರತಿಗಳು ಕಟ್ಟು ಬಿಚ್ಚದೆ ನನ್ನ ಮಂಚದ ಕೆಳಗಿವೆ, ಕಸ ಗುಡಿಸುವಾಗ ಪೊರಕೆಗೆ ತಗಲುತ್ತವೆ. ಐದನೆಯದು ಹನ್ನೊಂದನೆಯ ಅಧ್ಯಾಯಕ್ಕೆ ನಿಂತು ಎಂಟು ತಿಂಗಳಾಯಿತು. ಓದುವವರೇ ಇಲ್ಲದ ಮೇಲೆ ಯಾರಿಗಾಗಿ ಬರೆಯುವುದು?

ಅಂಥ ಹೊತ್ತಿನಲ್ಲಿ ದೆಹಲಿಯ ಕನ್ನಡಿಗರ ಸಣ್ಣ ಬಳಗವೊಂದು ನನ್ನನ್ನು ಕರೆಯಿತು. ಕಥೆ ಬರೆಯುವುದು ಹೇಗೆ, ಓದುಗರನ್ನು ಗಳಿಸುವುದು ಹೇಗೆ ಎಂದು ಹೊಸಬರಿಗೆ ಹೇಳಬೇಕಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಗು ಬಂತು. ಆದರೂ ಹದಿನೆಂಟು ಹಾಳೆ ತುಂಬ ಉಪದೇಶ ಬರೆದುಕೊಂಡು ಹೊರಟೆ. ಮನಸ್ಸಿನಲ್ಲಿ ತೀರ್ಮಾನ ಮಾಡಿಯಾಗಿತ್ತು: ಈ ಮಾತು ಮುಗಿಸಿ ಬಂದು ಪೆನ್ನು ಕೆಳಗಿಡುವುದು, ಹನ್ನೆರಡನೆಯ ಅಧ್ಯಾಯ ಬರೆಯುವುದಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಚಾಣಕ್ಯಪುರಿ

ನನ್ನನ್ನು ಇಳಿಸಿದ್ದು ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದಲ್ಲಿ. ಅಷ್ಟು ದೂರ ಹಾರಿ ಬಂದು ಬೆಳಿಗ್ಗೆ ಎದ್ದರೆ ತಟ್ಟೆಯಲ್ಲಿ ಉಪ್ಪಿಟ್ಟು. ಪುಟ್ಟಮ್ಮನಿಗೆ ಇದನ್ನು ಹೇಳಬಾರದು ಎಂದುಕೊಂಡೆ. ನಾನು ತಿಂಡಿ ಮುಗಿಸಿ ಬರುವಷ್ಟರಲ್ಲಿ ತೆರೆದಿಟ್ಟಿದ್ದ ಕಿಟಕಿಯಿಂದ ಕೋತಿಯೊಂದು ಒಳಗೆ ಬಂದು ಚಟ್ನಿಪುಡಿಯ ಡಬ್ಬಿ ಬಿಚ್ಚಿ ಕೂತಿತ್ತು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ನನ್ನನ್ನು ದುರುಗುಟ್ಟಿ ನೋಡಿ, ಎರಡು ಸಲ ಸೀನಿ, ಡಬ್ಬಿಯನ್ನು ಅಲ್ಲೇ ಬಿಟ್ಟು ಹೋಯಿತು. ಅರಸೀಕೆರೆಯ ಖಾರ ರಾಜಧಾನಿಯ ಕೋತಿಗೆ ತಡೆಯಲಾಗಲಿಲ್ಲ.

ಮಾತು ಇಟ್ಟುಕೊಂಡಿದ್ದ ಸಭಾಂಗಣಕ್ಕೆ ಆಟೋ ಹತ್ತಿದೆ. ದೆಹಲಿಯ ಆಟೋದವರಿಗೆ ಸುಮ್ಮನೆ ಕೂತ ಸವಾರಿ ಆಗಿಬರುವುದಿಲ್ಲ. ಎಲ್ಲಿಂದ ಬಂದಿರಿ, ಏನು ಕೆಲಸ, ಮಕ್ಕಳೆಷ್ಟು, ಎಲ್ಲ ಕೇಳಿಯಾದ ಮೇಲೆ ನಾನು ಕಥೆ ಬರೆಯುವವಳೆಂದು ತಿಳಿಯಿತು. ಹಾಗಾದರೆ ಒಂದು ಹೇಳಿ ಎಂದ. ಹೈಸ್ಕೂಲಿನಲ್ಲಿ ಕಲಿತ ಹಿಂದಿಯನ್ನು ಕೊಡವಿ ಎಬ್ಬಿಸಿ ನನ್ನ ನಾಲ್ಕನೆಯ ಕಾದಂಬರಿಯನ್ನು ಶುರು ಮಾಡಿದೆ. ಊರು, ಊರ ಮುಂದಿನ ಗುಡ್ಡ, ಗುಡ್ಡದ ಮೇಲಿನ ಬಿಸಿಲು. ಅವನು ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡ, ಪಕ್ಕದ ಸ್ಕೂಟರಿನವನಿಗೆ ಬೈದ. ನನಗೆ ಸಿಟ್ಟು ಬಂದು ಗುಡ್ಡ ಬಿಟ್ಟು ನೇರ ವಿಷಯಕ್ಕೆ ಬಂದೆ. ರಾಮಣ್ಣ ಎನ್ನುವವನು ತಿಪಟೂರಿಗೆ ಕೊಬ್ಬರಿ ಮಾರಲು ಹೋದ, ಸಂಜೆ ಬರಬೇಕಾದವನು ಬರಲಿಲ್ಲ, ಹೆಂಡತಿ ತುಂಗಮ್ಮ ಬಾಗಿಲಲ್ಲಿ ಕೂತಳು.

"ಫಿರ್?" ಎಂದ.

ಆಮೇಲೆ ದಾರಿಯುದ್ದಕ್ಕೂ ಅದೊಂದೇ ಮಾತು. ಫಿರ್ ಎಂದರೆ ಆಮೇಲೆ. ಅವನು ಫಿರ್ ಎಂದ ಕಡೆಯೆಲ್ಲ ಕಥೆ ನಡೆಯುತ್ತಿತ್ತು, ಸುಮ್ಮನಾದ ಕಡೆಯೆಲ್ಲ ನಾನು ನನ್ನ ಜಾಣತನ ತೋರಿಸುತ್ತಿದ್ದೆ. ಸಭಾಂಗಣ ಬಂದರೂ ಇಳಿಯಲು ಬಿಡದೆ, ರಾಮಣ್ಣ ವಾಪಸು ಬಂದನೇ ಎಂದು ಕೇಳಿದ. ಇಲ್ಲಪ್ಪ, ದಾರಿಯಲ್ಲೇ ತೀರಿಕೊಂಡ ಎಂದೆ. ಪಾಪ, ಬಾಡಿಗೆ ದುಡ್ಡನ್ನು ಎಣಿಸದೆ ಜೇಬಿಗೆ ಹಾಕಿಕೊಂಡ.

ಸಭೆಯಲ್ಲಿ ಹನ್ನೆರಡು ಜನ ಇದ್ದರು. ನಾನು ಹದಿನೆಂಟು ಹಾಳೆಯನ್ನೂ ಬಿಡದೆ ಓದಿದೆ. ಮೊದಲ ಸಾಲಿನಲ್ಲೇ ಓದುಗನ ಕೈಹಿಡಿಯಬೇಕು, ಪಾತ್ರ ಒಳ್ಳೆಯವನು ಎಂದು ಹೇಳದೆ ಅವನ ಕೈಯಲ್ಲಿ ಒಂದು ಕೆಲಸ ಮಾಡಿಸಬೇಕು, ದಿನಕ್ಕೆರಡು ಪುಟವಾದರೂ ತಪ್ಪದೆ ಬರೆಯಬೇಕು. ಒಂದೂ ಸುಳ್ಳಲ್ಲ. ಆದರೆ ಒಬ್ಬರ ಮುಖದಲ್ಲೂ ಆ ಆಟೋದವನ ಫಿರ್ ಕಾಣಲಿಲ್ಲ. ಕೊನೆಗೆ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಜೋಸೆಫ್ ಎಂಬ ಮಂಗಳೂರಿನ ಹುಡುಗ ಎದ್ದು ನಿಂತ.

"ಮೇಡಂ, ಬರೆಯೋದು ಹೇಗೋ ಬರೆದುಬಿಡ್ತೀವಿ. ಓದೋರನ್ನ ಎಲ್ಲಿಂದ ತರೋದು?"

ಒಳ್ಳೆಯದನ್ನು ಬರೆದರೆ ಓದುಗರು ತಾವಾಗಿ ಬರುತ್ತಾರೆ ಎಂದೆ. ಮಂಚದ ಕೆಳಗಿನ ಕಟ್ಟುಗಳು ಕಣ್ಣ ಮುಂದೆ ಬಂದವು. ಹುಡುಗ ಮರ್ಯಾದೆಗೆ ತಲೆಯಾಡಿಸಿ ಕೂತ. ನನಗೆ ನಾಚಿಕೆಯಾಯಿತು.

ವೈಶಾಲಿ

ನನ್ನನ್ನು ಕರೆಸಿದ್ದೇ ವತ್ಸಲಾ ಎನ್ನುವ ಹೆಣ್ಣುಮಗಳು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆ, ಮನೆ ಘಾಜಿಯಾಬಾದಿನ ವೈಶಾಲಿಯಲ್ಲಿ. ಸಭೆ ಮುಗಿದ ಮೇಲೆ, ಉಳಿದೆರಡು ದಿನ ನಮ್ಮ ಮನೆಯಲ್ಲೇ ಇರಬೇಕು ಎಂದು ನನ್ನ ಚೀಲ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟಳು. ನಮ್ಮೂರಿನದು ಜಂಕ್ಷನ್. ರೈಲು ನಿಂತರೆ ಇಳಿದು ಕಾಫಿ ಕುಡಿದು ಬರುವಷ್ಟು ಪುರುಸೊತ್ತು. ದೆಹಲಿಯ ಮೆಟ್ರೋ ಬಾಗಿಲಿಗೆ ಆ ದಾಕ್ಷಿಣ್ಯವಿಲ್ಲ. ಅದು ನನ್ನ ಸೆರಗಿನ ತುದಿಯನ್ನು ಕಚ್ಚಿಕೊಂಡಿತು, ಮುಂದಿನ ನಿಲ್ದಾಣದವರೆಗೆ ನಾನು ಬಾಗಿಲಿಗೆ ಕಟ್ಟಿದ ಕರುವಿನಂತೆ ನಿಂತಿದ್ದೆ. ಪಕ್ಕದ ಹೆಂಗಸರು ಯಾರೂ ನಗಲಿಲ್ಲ. ಒಬ್ಬಳು ಎದ್ದು ಬಂದು, ಬಾಗಿಲು ತೆರೆಯುವ ತನಕ ನನ್ನ ತೋಳು ಹಿಡಿದುಕೊಂಡಿದ್ದಳು.

ಮನೆಯಲ್ಲಿ ವತ್ಸಲಾಳ ಮಗಳು ಅನ್ವಿ ಚಹಾ ತಂದುಕೊಟ್ಟಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಓದಲು ಬಾರದು, ಮಾತು ಅರ್ಧಕ್ಕೆ ಹಿಂದಿಗೆ ಹೊರಳುತ್ತದೆ. ನನ್ನ ಎದುರಿಗೇ ಕೂತು, "ಆಂಟಿ, ಮಮ್ಮಿ ನಿಮ್ ಬುಕ್ ನಂಗೂ ಸುನಾಯಾ. ಸ್ಟಾರ್ಟಿಂಗ್ ಥೋಡಾ ಸ್ಲೋ ಇದೆ" ಎಂದಳು. ಅಮ್ಮ ಓದಿ ಕೇಳಿಸಿದ್ದಾಳೆ, ಆರಂಭ ಸ್ವಲ್ಪ ನಿಧಾನವಂತೆ. ವತ್ಸಲಾ ಅವಳ ಮೊಣಕೈ ಚಿವುಟಿದಳು. ಗುಡ್ಡದ ವಿಷಯ ಎಂದು ನನಗೆ ಆಗಲೇ ಗೊತ್ತಾಯಿತು.

ವತ್ಸಲಾ ಕಚೇರಿಯ ಚೀಲದಿಂದ ಆ ಪುಸ್ತಕ ತೆಗೆದಳು. ಅದೇ ನಾಲ್ಕನೆಯದು, ಹಳೆಯ ಪೇಪರಿನ ರಟ್ಟು ಹಾಕಿದ್ದು. ಬಿಡಿಸಿ ನೋಡಿದರೆ ಅಂಚಿನ ತುಂಬ ಪೆನ್ಸಿಲಿನಲ್ಲಿ ಊರುಗಳ ಹೆಸರು. ಪ್ರೀತ್ ವಿಹಾರ್. ಲಕ್ಷ್ಮೀ ನಗರ್. ಯಮುನಾ ಬ್ಯಾಂಕ್.

ಸಮಾಚಾರ ಹೀಗಿತ್ತು. ವತ್ಸಲಾ, ಶಶಿಕಲಾ, ನಾಗವೇಣಿ, ಶಮೀಮ್ ನಾಲ್ವರೂ ಬೇರೆ ಬೇರೆ ಕಚೇರಿಯವರು. ದಿನಾ ಬೆಳಿಗ್ಗೆ ವೈಶಾಲಿಯಲ್ಲಿ ಒಂದೇ ರೈಲಿನ ಹೆಂಗಸರ ಬೋಗಿ ಹತ್ತುತ್ತಾರೆ. ಅದು ಮೊದಲನೆಯ ಬೋಗಿ, ರೈಲು ಹೊರಡುವುದು ಅಲ್ಲಿಂದಲೇ, ಹಾಗಾಗಿ ಸೀಟು ಸಿಗುತ್ತದೆ. ಮಂಡಿ ಹೌಸಿನಲ್ಲಿ ಇಳಿದು ಬೇರೆ ಬೇರೆ ದಾರಿ ಹಿಡಿಯುವವರೆಗೆ ವತ್ಸಲಾ ಗಟ್ಟಿಯಾಗಿ ಕನ್ನಡ ಕಾದಂಬರಿ ಓದುತ್ತಾಳೆ, ಉಳಿದವರು ಕೇಳುತ್ತಾರೆ. ಎಲ್ಲಿ ಮಾತು ಬಂದು ಓದು ನಿಂತಿತೋ ಆ ಸ್ಟೇಷನ್ನಿನ ಹೆಸರು ಅಂಚಿಗೆ ಬರೆಯುತ್ತಾರೆ. ಬೇಸರವಾದ ಪ್ಯಾರಾ ಬಿಟ್ಟು ಓದಿ, ಅದಕ್ಕೊಂದು ಸಣ್ಣ ಗೀಟು ಹಾಕುತ್ತಾರೆ. ನನ್ನ ಗುಡ್ಡಕ್ಕೆ ಮೂರು ಗೀಟು ಬಿದ್ದಿತ್ತು. ಆರನೆಯ ಅಧ್ಯಾಯದಲ್ಲಿ ಒಂದು ಕಡೆ ಮಾತ್ರ ದಪ್ಪ ಅಕ್ಷರದಲ್ಲಿ ರಾಜೀವ್ ಚೌಕ್ ಎಂದಿತ್ತು. ಅದು ಮಂಡಿ ಹೌಸ್ ದಾಟಿ ಎರಡನೆಯ ನಿಲ್ದಾಣ. ಕಥೆ ಕೇಳುತ್ತ ನಾಲ್ವರೂ ಇಳಿಯುವುದನ್ನೇ ಮರೆತಿದ್ದರಂತೆ. ಅವತ್ತು ಕಚೇರಿಯಲ್ಲಿ ಎಲ್ಲರಿಗೂ ಮಂಗಳಾರತಿ.

ನಾಲ್ಕು ಕಾದಂಬರಿ ಬರೆದು ನನಗೆ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದು. ನಾನು ಆ ಎರಡು ಪದದ ಮೇಲೆ ಬೆರಳಾಡಿಸುತ್ತ ಕೂತೆ. ಮುಂದೆ ಮಗುಚಿದರೆ ಒಂಬತ್ತನೆಯ ಅಧ್ಯಾಯದ ಕೊನೆಗೆ ಆನಂದ್ ವಿಹಾರ್ ಎಂದಿತ್ತು. ಅಲ್ಲಿಂದಾಚೆ ಪುಟಗಳು ಹೊಸದರಂತೆ ಇದ್ದವು, ಒಂದು ಗುರುತೂ ಇರಲಿಲ್ಲ.

ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ. ದನಿಯಲ್ಲಿ ಲೆಕ್ಕದ ಟೀಚರ್ ಇಣುಕಿದ್ದಿರಬೇಕು, ವತ್ಸಲಾ ತಲೆ ತಗ್ಗಿಸಿದಳು.

ಒಂಬತ್ತನೆಯ ಅಧ್ಯಾಯದಲ್ಲಿ ರಾಮಣ್ಣ ಹೋದವನು ಬಂದಿಲ್ಲ, ತುಂಗಮ್ಮ ಬಾಗಿಲಲ್ಲಿ ಕಾಯುತ್ತಿದ್ದಾಳೆ. ಅದನ್ನು ಓದಿದ ವಾರದಲ್ಲೇ, ಹೋದ ಮೇ ತಿಂಗಳಲ್ಲಿ, ಶಶಿಕಲಾಳ ಗಂಡ ಸಾಹಿಬಾಬಾದಿನ ಕಾರ್ಖಾನೆಗೆ ಕೆಲಸಕ್ಕೆ ಹೋದವರು ಎದೆನೋವು ಬಂದು ಅಲ್ಲೇ ತೀರಿಕೊಂಡರು. ಫರೀದಾಬಾದಿನಿಂದ ಅವಳ ತಂಗಿ ಬಂದು ಕರೆದುಕೊಂಡು ಹೋದಳು. ಶಶಿಕಲಾ ಕೆಲಸಕ್ಕೆ ರಾಜೀನಾಮೆ ಕೊಟ್ಟಳು, ಮನೆಯಿಂದ ಹೊರಬರುವುದನ್ನೇ ಬಿಟ್ಟಳು. ಅವಳನ್ನು ಬಿಟ್ಟು ಮುಂದೆ ಓದಲು ಉಳಿದವರಿಗೆ ಮನಸ್ಸಾಗಲಿಲ್ಲ. ಅವಳ ಮುಂದೆ ಓದಬಹುದೋ ಇಲ್ಲವೋ ಗೊತ್ತಾಗಲಿಲ್ಲ. ರಾಮಣ್ಣ ವಾಪಸು ಬರುವುದಾದರೆ ಹೋಗಿ ಓದಿ ಹೇಳಬಹುದು. ಬರದಿದ್ದರೆ?

"ಮುಂದಿನ ಪುಟ ತಿರುಗಿಸಿ ನೋಡಿದ್ರೆ ಆಗ್ತಿತ್ತಲ್ಲಮ್ಮ" ಎಂದೆ.

"ನಮ್ಮಲ್ಲಿ ಒಂದು ನಿಯಮ ಇದೆ ಮೇಡಂ. ಬೋಗಿ ಬಿಟ್ಟು ಯಾರೂ ಮುಂದೆ ಓದೋ ಹಾಗಿಲ್ಲ. ಶಶಿಕಲಾನೇ ಮಾಡಿದ ನಿಯಮ. ಅದಕ್ಕೇ ನಿಮಗೆ ಕಾಗದ ಬರೆದು ಕೇಳಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಆ ಕಾಗದ ಬಂದಿತ್ತು. "ರಾಮಣ್ಣ ವಾಪಸು ಬರುತ್ತಾರೆಯೇ, ದಯವಿಟ್ಟು ಅಷ್ಟು ಮಾತ್ರ ತಿಳಿಸಿ" ಎಂದಿತ್ತು. ನಾನು ಅದನ್ನು ನನ್ನ ತಮ್ಮನಿಗೆ ಓದಿ ಹೇಳಿ ನಕ್ಕಿದ್ದೆ. ನೋಡೋ, ಪುಸ್ತಕ ಕೈಯಲ್ಲಿಟ್ಟುಕೊಂಡು ಕಥೆ ನನ್ನನ್ನು ಕೇಳುತ್ತಾರೆ, ಓದುವುದಕ್ಕೂ ಸೋಮಾರಿತನ ಎಂದಿದ್ದೆ. ಉತ್ತರ ಬರೆಯಲಿಲ್ಲ, ಕೆಳಗಿದ್ದ ಹೆಸರನ್ನೂ ನೆನಪಿಟ್ಟುಕೊಂಡಿರಲಿಲ್ಲ. ಅದೇ ವಾರ ಹನ್ನೊಂದನೆಯ ಅಧ್ಯಾಯ ನಿಲ್ಲಿಸಿ, ನನಗೆ ಓದುಗರೇ ಇಲ್ಲ ಎಂದು ಮುಖ ಊದಿಸಿಕೊಂಡು ಕೂತಿದ್ದೆ. ಗುರುತು ಪರಿಚಯವಿಲ್ಲದ ಆಟೋದವನಿಗೆ ಕೊಟ್ಟ ಉತ್ತರವನ್ನು ಇವಳಿಗೆ ಕೊಟ್ಟಿರಲಿಲ್ಲ.

ವತ್ಸಲಾಳಿಗೆ ನಿಜ ಹೇಳಿದೆ. ರಾಮಣ್ಣ ಬರುವುದಿಲ್ಲ, ಕಾಗದ ನನಗೆ ಸಿಕ್ಕಿತ್ತು, ತಪ್ಪು ನನ್ನದು. ಅವಳು ಬೈಯಲಿಲ್ಲ. ನಾಳೆ ಭಾನುವಾರ, ಫರೀದಾಬಾದಿಗೆ ಹೋಗೋಣವೇ ಎಂದಷ್ಟೇ ಕೇಳಿದಳು.

ಫರೀದಾಬಾದ್

ಫೆಬ್ರವರಿಯ ಬಿಸಿಲಿಗೆ ದೆಹಲಿಯ ಸುತ್ತಲಿನ ಊರೆಲ್ಲ ಟೆರೇಸಿನ ಮೇಲೆ ಕೂತು ಬಟಾಣಿ ಸುಲಿಯುತ್ತದೆ. ಶಶಿಕಲಾಳೂ ತಂಗಿಯ ಮನೆಯ ಟೆರೇಸಿನಲ್ಲಿ ದೊಡ್ಡ ರಾಶಿಯೊಂದರ ಮುಂದೆ ಕೂತಿದ್ದಳು. ನಮ್ಮ ಕಡೆ ಅವರೆಕಾಯಿ ಸುಲಿಯುವಾಗ ಊರಿನ ಸುದ್ದಿಯೆಲ್ಲ ಬರುತ್ತದೆ. ಇಲ್ಲಿ ಸಿಪ್ಪೆ ಸೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ವತ್ಸಲಾ, ನಾನು ಅಕ್ಕಪಕ್ಕ ಕೂತು ಕೈ ಹಾಕಿದೆವು. ತುಂಗಮ್ಮನನ್ನು ಬರೆದವರು ಇವರೇ ಎಂದು ವತ್ಸಲಾ ಹೇಳಿದಾಗ ಶಶಿಕಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ನಾನು ಸುತ್ತು ಬಳಸಲಿಲ್ಲ. ರಾಮಣ್ಣ ವಾಪಸು ಬರುವುದಿಲ್ಲಮ್ಮ ಎಂದೆ.

ಅವಳು ಮೆಲ್ಲಗೆ ನಕ್ಕಳು. ಅವನು ಹೊರಡುವುದನ್ನು ಅಷ್ಟು ಅಕ್ಕರೆಯಿಂದ ಬರೆದಿದ್ದೀರಿ, ಆಗಲೇ ಗೊತ್ತಾಗಿತ್ತು ಎಂದಳು. ಅವಳನ್ನು ನೋಯಿಸಿದ್ದು ಬೇರೆ. ಗೆಳತಿಯರು ತನ್ನನ್ನು ಬಿಟ್ಟು ಪುಸ್ತಕ ಓದಿ ಮುಗಿಸಿದ್ದಾರೆ, ಬೇರೆ ಪುಸ್ತಕವನ್ನೂ ಹಿಡಿದಿರಬಹುದು ಎಂದು ಅವಳು ಒಂಬತ್ತು ತಿಂಗಳಿಂದ ಅಂದುಕೊಂಡಿದ್ದಳು. ವತ್ಸಲಾ ಪುಸ್ತಕ ತೆಗೆದು ಆನಂದ್ ವಿಹಾರ್ ಎಂದು ಬರೆದ ಪುಟ ತೋರಿಸಿದಳು. ಶಶಿಕಲಾ ಅದನ್ನು ಮೊದಲು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ಆಮೇಲೆ ಮಡಿಲಲ್ಲಿಟ್ಟುಕೊಂಡಳು. ಬಹಳ ಹೊತ್ತು ಅತ್ತಳು. ನಾವೂ ಅತ್ತೆವು, ಮುಚ್ಚಿಡುವುದೇನು.

ಓದಿ ಎಂದು ಅವಳೇ ಹೇಳಿದಳು. ಹತ್ತನೆಯ ಅಧ್ಯಾಯವನ್ನು ನಾನು ಓದತೊಡಗಿದೆ. ಸಾವಿನ ಸುದ್ದಿ ಬಂತು. ಆಮೇಲೆ ಎರಡು ಪುಟ ತುಂಬ ತುಂಗಮ್ಮನ ದುಃಖ: ಕತ್ತಲು, ಕಡಲು, ಬಿರುಗಾಳಿ. ಅರಸೀಕೆರೆಯ ತುಂಗಮ್ಮ ಕಡಲನ್ನು ಕಂಡವಳಲ್ಲ. ನನ್ನ ದನಿಯಲ್ಲೇ ಕೇಳುವಾಗ ನನಗೇ ಮೈಯೆಲ್ಲ ಮುಳ್ಳಾಯಿತು. ಶಶಿಕಲಾ ಮತ್ತೆ ಬಟಾಣಿಗೆ ಕೈ ಹಾಕಿದಳು. ನಾನು ಪುಸ್ತಕ ಮುಚ್ಚಿದೆ.

"ಎರಡನೇ ಅಧ್ಯಾಯದಲ್ಲಿ ಬರೆದಿದ್ದೀರಿ ಮೇಡಂ. ಬೆಳಿಗ್ಗೆ ಎದ್ದು ಹಂಡೆ ಒಲೆಗೆ ಉರಿ ಹಾಕೋದು ರಾಮಣ್ಣನೇ ಅಂತ" ಎಂದಳು. "ಅವನು ಹೋದ್ಮೇಲೆ ಉರಿ ಯಾರು ಹಾಕಿದ್ರು?"

ಆ ಸಾಲು ಬರೆದದ್ದೇ ನನಗೆ ಮರೆತುಹೋಗಿತ್ತು.

ಆಗ ಅವಳು ತನ್ನ ಕೂಲರಿನ ಕಥೆ ಹೇಳಿದಳು. ಬೇಸಿಗೆಯಲ್ಲಿ ಸಂಜೆ ಸಂಜೆ ಕೂಲರಿಗೆ ನೀರು ತುಂಬುತ್ತಿದ್ದವರು ಅವಳ ಗಂಡ. ಅದು ಒಂದು ಕೆಲಸ ಎಂದೇ ಅವಳಿಗೆ ಅನಿಸಿರಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಕೂಲರು ಬಿಸಿಗಾಳಿ ಊದತೊಡಗಿತು. ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸಿದಳು. ಅವನು ಪಕ್ಕದ ಹಲಗೆ ಬಿಚ್ಚಿ, ಏನೂ ಕೆಟ್ಟಿಲ್ಲ, ನೀರಿಲ್ಲ ಎಂದ. ಅಲ್ಲಿಯವರೆಗೂ ಅವಳು ಅತ್ತಿರಲಿಲ್ಲ. ಆ ಅಪರಿಚಿತನ ಮುಂದೆ ನೆಲಕ್ಕೆ ಕುಸಿದು ಅತ್ತಳು. ಅವನು ಏನೂ ಕೇಳದೆ ಎರಡು ಬಕೆಟ್ ನೀರು ತುಂಬಿಸಿ ಹೋದನಂತೆ.

ನಾನು ಬೇರೆಯವರ ಸಾವನ್ನು ಎಷ್ಟು ಸಲ ಬರೆದಿದ್ದೇನೆ. ಆ ಮನೆಯಲ್ಲಿ ಯಾವ ಕೆಲಸ ನಿಂತುಹೋಯಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈ ಅಧ್ಯಾಯವನ್ನು ಮತ್ತೆ ಬರೆಯುತ್ತೇನೆ, ನಾಳೆ ಬೆಳಿಗ್ಗೆ ರೈಲಿನಲ್ಲಿ ಓದುತ್ತೇನೆ, ನೀನೂ ಬಾ ಎಂದೆ. ಇಲ್ಲಿಂದ ಬರುವ ರೈಲೂ ಮಂಡಿ ಹೌಸಿಗೇ ಬರುತ್ತದಲ್ಲ ಎಂದು ವತ್ಸಲಾ ದನಿಗೂಡಿಸಿದಳು.

ನೋಡೋಣ ಎಂದಳು ಶಶಿಕಲಾ. ನಾವು ಮೆಟ್ಟಿಲಿಳಿಯುವಾಗ ಮೇಲಿಂದ ಕೂಗಿ ಹೇಳಿದಳು: "ನನ್ನ ಕೂಲರ್ ಹಾಕ್ಬೇಡಿ ಮೇಡಂ. ಅದು ನಂದು. ನೀವು ಹಂಡೆ ಹಾಕಿ."

ಮಂಡಿ ಹೌಸ್

ಭಾನುವಾರ ಸಂಜೆ ವತ್ಸಲಾಳ ಊಟದ ಮೇಜಿನಲ್ಲಿ ಬರೆಯಲು ಕೂತೆ. ಬೇರೆ ಕಾಗದವಿರಲಿಲ್ಲ. ಉಪದೇಶದ ಹದಿನೆಂಟು ಹಾಳೆಗಳನ್ನೇ ಮಗುಚಿ ಹಿಂಬದಿಯಲ್ಲಿ ಬರೆದೆ. ಕಡಲು ಹೋಯಿತು, ಬಿರುಗಾಳಿ ಹೋಯಿತು. ತುಂಗಮ್ಮ ಹನ್ನೊಂದು ದಿನ ತಣ್ಣೀರಿನಲ್ಲಿ ಸ್ನಾನ ಮಾಡುತ್ತಾಳೆ, ಯಾಕೆ ಚಳಿಯಾಗುತ್ತಿದೆ ಎಂದು ಅವಳಿಗೆ ಹೊಳೆಯುವುದಿಲ್ಲ. ಹನ್ನೆರಡನೆಯ ದಿನ ಬಚ್ಚಲಿನಿಂದಲೇ, "ರೀ, ನೀರು ಕಾದಿಲ್ಲ" ಎಂದು ಕೂಗುತ್ತಾಳೆ. ಅನ್ವಿ ಪಕ್ಕದಲ್ಲಿ ಕೂತು, ಒಂದೊಂದು ಹಾಳೆ ಮುಗಿದ ಹಾಗೂ ಓದಿಸಿಕೊಂಡು ಕೇಳಿದಳು. ಅವಳು ಮೊಬೈಲು ನೋಡಿದ ಕಡೆಯಲ್ಲೆಲ್ಲ ಒಂದು ಸಾಲು ಹೊಡೆದು ಹಾಕಿದೆ.

ಸೋಮವಾರ ಬೆಳಿಗ್ಗೆ ಅವರ ಬೋಗಿಯಲ್ಲಿ ಕೂತೆ. ಒಂದು ಕಡೆ ನಾಗವೇಣಿ, ಇನ್ನೊಂದು ಕಡೆ ಶಮೀಮ್, ಎದುರಿಗೆ ವತ್ಸಲಾ. ಒಬ್ಬ ಹುಡುಗಿ ಓಡುವ ರೈಲಿನಲ್ಲಿ ನಿಂತು ಅಲುಗದೆ ಕಾಡಿಗೆ ತೀಡಿಕೊಳ್ಳುತ್ತಿದ್ದಳು. ನೆಲದ ಮೇಲೆ ಕೂರಬಾರದು ಎಂದು ಬರೆದಿದ್ದ ಬೋರ್ಡಿನ ಕೆಳಗೇ ಮೂವರು ನೆಲದ ಮೇಲೆ ಕೂತಿದ್ದರು. ನಾನು ಓದತೊಡಗಿದೆ. ಪ್ರೀತ್ ವಿಹಾರ್ ಹೊತ್ತಿಗೆ ನಾಗವೇಣಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಿದ್ದಳು. ಯಮುನೆ ದಾಟುವಾಗ ಕನ್ನಡ ಬಾರದ ಪಕ್ಕದ ಹೆಂಗಸೂ ನನ್ನ ಬಾಯನ್ನೇ ನೋಡುತ್ತಿದ್ದಳು. ಬಚ್ಚಲಿನ ಸಾಲು ಬಂತು. ಅದನ್ನು ಎರಡು ಸಲ ಓದಿದೆ. ಬಾಗಿಲು ತೆರೆದು ಮುಚ್ಚಿದ್ದು, ಜನ ಇಳಿದು ಹತ್ತಿದ್ದು ಎಲ್ಲೋ ದೂರದಲ್ಲಿ ಕೇಳಿಸಿತು.

ಕೊನೆಯ ಹಾಳೆ ಮುಗಿಸಿ ತಲೆ ಎತ್ತಿದೆ. ವತ್ಸಲಾಳ ಹಿಂದೆ, ಕಂಬ ಹಿಡಿದುಕೊಂಡು, ನೀಲಿ ಶಾಲು ಹೊದ್ದು ಶಶಿಕಲಾ ನಿಂತಿದ್ದಳು.

"ಮಂಡಿ ಹೌಸಲ್ಲಿ ಕಾಯ್ತಾ ಇದ್ದೆ. ನೀವ್ಯಾರೂ ಇಳೀಲಿಲ್ಲ, ತಲೇನೂ ಎತ್ತಲಿಲ್ಲ" ಎಂದಳು. "ಅದಕ್ಕೇ ನಾನೇ ಹತ್ತಿದೆ."

ರೈಲು ರಾಜೀವ್ ಚೌಕಿನಲ್ಲಿ ನಿಂತಿತ್ತು. ನಾವು ತಡಬಡಾಯಿಸಿ ಇಳಿದೆವು. ಆ ಜನಜಾತ್ರೆಯ ನಡುವೆ ನಾಲ್ವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು, ಕಚೇರಿಗೆ ತಡವಾಗುತ್ತಿದೆ ಎಂದು ಯಾರಿಗೂ ನೆನಪಿರಲಿಲ್ಲ. ವತ್ಸಲಾ ಚೀಲದಿಂದ ಪೆನ್ಸಿಲು ಹುಡುಕಿ ತೆಗೆದು, ನನ್ನ ಕೊನೆಯ ಹಾಳೆಯ ಅಂಚಿಗೆ ದಪ್ಪ ಅಕ್ಷರದಲ್ಲಿ ಸ್ಟೇಷನ್ನಿನ ಹೆಸರು ಬರೆದಳು.

ನಾನು ವತ್ಸಲಾಳಿಂದ ನಂಬರು ಪಡೆದು, ಪಕ್ಕಕ್ಕೆ ಸರಿದು ಜೋಸೆಫ್‌ಗೆ ಫೋನು ಮಾಡಿದೆ. ಮೊನ್ನೆ ನಿನಗೆ ಸುಳ್ಳು ಹೇಳಿದೆ ಕಣಪ್ಪ, ಓದುಗರು ತಾವಾಗಿ ಬರುವುದಿಲ್ಲ ಎಂದೆ. ಬರೆದದ್ದನ್ನು ಮೊದಲು ಒಬ್ಬರಿಗೆ ಗಟ್ಟಿಯಾಗಿ ಓದು, ಅವರು ಕಿಟಕಿಯ ಕಡೆ ನೋಡಿದಲ್ಲಿ ಗೀಟು ಹಾಕು. ಆ ಒಬ್ಬರು ಮೂವರನ್ನು ಕರೆತರುತ್ತಾರೆ. ಯಾರಾದರೂ ಒಂದು ಸಾಲು ಬರೆದು ಕೇಳಿದರೆ ಅವತ್ತೇ ಉತ್ತರ ಬರೆ, ಎಷ್ಟೇ ಪೆದ್ದು ಪ್ರಶ್ನೆ ಎನಿಸಿದರೂ ಬರೆ. ಅವನು ಆಗಲಿ ಮೇಡಂ, ನನ್ನದೊಂದು ಕಥೆ ಇದೆ, ಓದಿ ಹೇಳಲೇ ಎಂದ. ಊರಿಗೆ ಹೋದ ಮೇಲೆ ನಾನೇ ಕರೆಯುತ್ತೇನೆ ಎಂದೆ.

ವಾಪಸು ಹೋಗುವ ರೈಲಿಗೆ ಕಾಯುತ್ತ ಶಶಿಕಲಾ ನನ್ನ ಪಕ್ಕ ಬಂದು ನಿಂತಳು. ಇನ್ನು ಮೇಲೆ ದಿನಾ ಬರಲಾಗುವುದಿಲ್ಲ, ವಾರಕ್ಕೊಂದು ದಿನವಾದರೂ ಮಂಡಿ ಹೌಸಿಗೆ ಬರುತ್ತೇನೆ ಎಂದು ಗೆಳತಿಯರಿಗೆ ಮಾತು ಕೊಟ್ಟಿದ್ದಳು.

"ಇದು ಮುಗಿದ್ಮೇಲೆ ಏನು ಓದೋದು ಮೇಡಂ? ಬೇರೆ ಏನಾದ್ರೂ ಬರೀತಾ ಇದ್ದೀರಾ?"

ನಾಲ್ವರೂ ನನ್ನ ಮುಖ ನೋಡಿದರು. ಪೆನ್ನು ಕೆಳಗಿಡುವ ತೀರ್ಮಾನವನ್ನು ಯಾರಿಗೂ ಹೇಳದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು.

"ಹನ್ನೊಂದು ಅಧ್ಯಾಯ ಆಗಿದೆ. ಹನ್ನೆರಡನೇದು ಬರೀತಾ ಇದ್ದೀನಿ" ಎಂದೆ.

ರಾಜೀವ್ ಚೌಕಿನಲ್ಲಿ ಹೇಳುವಾಗ ಅದು ಸುಳ್ಳಾಗಿತ್ತು. ಅವತ್ತು ಸಂಜೆ ಬೆಂಗಳೂರಿನಲ್ಲಿ ವಿಮಾನ ಇಳಿಯುವ ಹೊತ್ತಿಗೆ ಸುಳ್ಳಾಗಿರಲಿಲ್ಲ.